ಮುಂಗೈಯೊಳಗಿನ ಕಾಲುವೆಗಳ ನಕ್ಷೆ

ಕಳೆದ ಬೇಸಿಗೆ ರಜೆಯಲ್ಲಿ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಶಿರಸಿ ಕಡೆಯಿಂದ ದೊಡ್ಡಪ್ಪನ ಮಗ ಬಂದಿದ್ದ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಪ್ರತಿ ಸಲ ಬರುವಾಗ ಅವನ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇರುತ್ತಿತ್ತು. ಈ ಸಲ ಇದ್ದದ್ದು ಒಂದು ಫೈಲು. ಎಡಗೆನ್ನೆಯ ಒಳಬದಿಯಲ್ಲಿ ಮೂರು ತಿಂಗಳಿನಿಂದ ವಾಸಿಯಾಗದ ಹುಣ್ಣು. ಊರಿನ ವೈದ್ಯರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿಯಲ್ಲಿ ಕ್ಯಾನ್ಸರ್ ಎಂದು ಬಂದಿತ್ತು. ನಲವತ್ತು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಅವನ ಬಾಯಲ್ಲಿ ಇದ್ದೇ ಇರುತ್ತಿತ್ತು.

ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಕರು ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿ ವಿವರಿಸಿದರು. ರೋಗ ಹತ್ತಿದ ಭಾಗವನ್ನೂ ಸುತ್ತಲಿನ ಸ್ವಲ್ಪ ಅಂಚನ್ನೂ ಕತ್ತರಿಸಿ ತೆಗೆಯಬೇಕು. ತೆಗೆದ ಮೇಲೆ ಕೆನ್ನೆಯೊಳಗೆ ಅಂಗೈ ಅಗಲದ ಜಾಗ ಬರಿದಾಗುತ್ತದೆ. ಅದನ್ನು ಹಾಗೇ ಬಿಟ್ಟರೆ ಗಾಯ ಮಾಯುವಾಗ ಸುಕ್ಕುಗಟ್ಟಿ ಬಾಯಿ ತೆರೆಯಲಾಗದು. ಆದ್ದರಿಂದ ಮುಂಗೈಯಿಂದ ಒಂದು ತುಂಡು ಚರ್ಮವನ್ನು ಅದರ ರಕ್ತನಾಳಗಳ ಸಮೇತ ತೆಗೆದು ಕೆನ್ನೆಯೊಳಗೆ ಹೊಲಿಯುತ್ತಾರೆ. ಆ ರಕ್ತನಾಳಗಳನ್ನು ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸುತ್ತಾರೆ. ಅಣ್ಣ ಎಡಚ. ಬರೆಯುವುದು, ಉಣ್ಣುವುದು, ತೋಟದಲ್ಲಿ ಕತ್ತಿ ಹಿಡಿಯುವುದು ಎಲ್ಲವೂ ಎಡಗೈಯಲ್ಲೇ. ಆದ್ದರಿಂದ ಬಲ ಮುಂಗೈ ಎಂದು ತೀರ್ಮಾನವಾಯಿತು. ‘ಬಲಗೈಗೆ ಸೂಜಿ ಚುಚ್ಚಬೇಡಿ, ರಕ್ತ ತೆಗೆಯಬೇಡಿ’ ಎಂದು ಕಡತದ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು. ಕೊನೆಗೆ, “ನಾಳೆ ಅಲ್ಟ್ರಾಸೌಂಡ್‌ನಲ್ಲಿ ಕೈಯ ರಕ್ತನಾಳಗಳ ನಕ್ಷೆ ಮಾಡಿಸೋಣ” ಎಂದರು.

ಶಾಲೆ ಶುರುವಾದ ಮೇಲೆ ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಕೈಯಿಂದ ಅಪಧಮನಿಯನ್ನೇ ತೆಗೆದುಬಿಟ್ಟರೆ ಕೈಗೆ ರಕ್ತ ಎಲ್ಲಿಂದ ಬರುತ್ತೆ?” ಒಳ್ಳೆಯ ಪ್ರಶ್ನೆ. ಈ ವಾರದ ಲೇಖನ ಆ ಪ್ರಶ್ನೆಗೆ ಉತ್ತರ. ಆದರೆ ಉತ್ತರ ಅಂದುಕೊಂಡಷ್ಟು ನೇರವಾಗಿಲ್ಲ ಎಂಬುದು ಅಣ್ಣನ ವಿಷಯದಲ್ಲಿ ನನಗೇ ಪಾಠವಾಯಿತು.

ಎರಡು ಕೊಳವೆ, ಒಂದು ಬೀದಿ

ನಮ್ಮ ಬೀದಿಯ ನೀರಿನ ವ್ಯವಸ್ಥೆಯನ್ನು ನೆನೆಯಿರಿ. ಬೀದಿಯ ಎರಡೂ ತುದಿಗಳಿಂದ ಒಂದೊಂದು ಕೊಳವೆ ಬಂದು ನಡುವೆ ಕೂಡಿಕೊಂಡಿದೆ ಎನ್ನೋಣ. ಒಂದು ತುದಿಯಲ್ಲಿ ವಾಲ್ವ್‌ಮನ್ ವಾಲ್ವ್ ಮುಚ್ಚಿದರೂ ಇನ್ನೊಂದು ತುದಿಯಿಂದ ನೀರು ಬಂದೇ ಬರುತ್ತದೆ; ಮನೆಗಳ ನಲ್ಲಿ ಒಣಗುವುದಿಲ್ಲ.

ನಮ್ಮ ಕೈಯ ರಚನೆಯೂ ಹೀಗೆಯೇ. ತೋಳಿನಲ್ಲಿ ಇಳಿದು ಬರುವ ದೊಡ್ಡ ಅಪಧಮನಿ ಮೊಣಕೈಯ ಬಳಿ ಎರಡಾಗಿ ಕವಲೊಡೆಯುತ್ತದೆ. ಹೆಬ್ಬೆರಳಿನ ಕಡೆ ಸಾಗುವುದು ರೇಡಿಯಲ್ ಅಪಧಮನಿ. ವೈದ್ಯರು ನಾಡಿ ಹಿಡಿದು ನೋಡುವುದು ಇದನ್ನೇ. ಕಿರುಬೆರಳಿನ ಕಡೆ ಸಾಗುವುದು ಅಲ್ನಾರ್ ಅಪಧಮನಿ. ಅಂಗೈಯೊಳಗೆ ಇವೆರಡೂ ಕಮಾನಿನಂತೆ ಬಾಗಿ ಪರಸ್ಪರ ಕೂಡಿಕೊಳ್ಳುತ್ತವೆ. ಬೆರಳುಗಳಿಗೆ ಹೋಗುವ ಸಣ್ಣ ನಾಳಗಳು ಹೊರಡುವುದು ಈ ಕಮಾನುಗಳಿಂದ. ಆದ್ದರಿಂದ ಒಂದನ್ನು ತೆಗೆದರೂ ಇನ್ನೊಂದು ಇಡೀ ಕೈಯನ್ನು ಸಾಕಬಲ್ಲುದು.

ಆದರೆ ಎಲ್ಲರಲ್ಲಿಯೂ ಈ ಕಮಾನು ಪೂರ್ಣವಾಗಿರುವುದಿಲ್ಲ. ಕೆಲವರಲ್ಲಿ ಎರಡರ ನಡುವಿನ ಕೂಡಿಕೆ ತೀರ ಸಣ್ಣದು. ಕೆಲವರಲ್ಲಿ ಒಂದು ಕೊಳವೆಯೇ ಸೊರಗಿರುತ್ತದೆ. ನೂರರಲ್ಲಿ ಕೆಲವರಿಗೆ ಅಲ್ನಾರ್ ಅಪಧಮನಿ ಆಳದಲ್ಲಿ ಹರಿಯದೆ ಚರ್ಮದ ಕೆಳಗೇ ಹಾದುಹೋಗುತ್ತದೆ. ಅದು ಗೊತ್ತಿಲ್ಲದೆ ಚಾಕು ಇಟ್ಟರೆ ಅಪಾಯ. ಪಠ್ಯಪುಸ್ತಕದ ಚಿತ್ರ ಹೆಚ್ಚು ಜನರಲ್ಲಿ ಕಾಣುವ ರಚನೆಯದು. ಮೇಜಿನ ಮೇಲೆ ಮಲಗಿರುವ ಈ ಒಬ್ಬ ಮನುಷ್ಯನ ಕೈಯೊಳಗೆ ಏನಿದೆ ಎಂಬುದನ್ನು ಆ ಚಿತ್ರ ಹೇಳದು.

ಇದನ್ನು ತಿಳಿಯಲು ಒಂದು ಹಳೆಯ, ಖರ್ಚಿಲ್ಲದ ಪರೀಕ್ಷೆ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ಎಡ್ಗರ್ ಆಲೆನ್ 1929ರಲ್ಲಿ ವಿವರಿಸಿದ ಪರೀಕ್ಷೆಯ ಸುಧಾರಿತ ರೂಪವದು. ರೋಗಿ ಮುಷ್ಟಿ ಬಿಗಿಯಾಗಿ ಕಟ್ಟಬೇಕು. ವೈದ್ಯರು ಮಣಿಕಟ್ಟಿನ ಎರಡೂ ಬದಿಗಳಲ್ಲಿ ಎರಡೂ ಅಪಧಮನಿಗಳನ್ನು ಒತ್ತಿ ಹಿಡಿಯುತ್ತಾರೆ. ಮುಷ್ಟಿ ಬಿಚ್ಚಿದಾಗ ಅಂಗೈ ಬಿಳಿಚಿಕೊಂಡಿರುತ್ತದೆ. ಈಗ ಕಿರುಬೆರಳಿನ ಕಡೆಯ ಒತ್ತಡವನ್ನು ಮಾತ್ರ ಬಿಡಬೇಕು. ಕೆಲವೇ ಸೆಕೆಂಡುಗಳಲ್ಲಿ ಅಂಗೈ ಪೂರಾ ಕೆಂಪೇರಿದರೆ, ಅಲ್ನಾರ್ ಅಪಧಮನಿಯೊಂದೇ ಕೈಯನ್ನು ಸಾಕಬಲ್ಲುದು ಎಂದರ್ಥ.

ಅಣ್ಣನ ಬಲಗೈಗೂ ಈ ಪರೀಕ್ಷೆ ಆಯಿತು. ಅಂಗೈ ತಕ್ಷಣ ಕೆಂಪೇರಿತು. ಮಣಿಕಟ್ಟಿನಲ್ಲಿ ನಾಡಿಯೂ ಚೆನ್ನಾಗಿ ಬಡಿಯುತ್ತಿತ್ತು. ಎಲ್ಲವೂ ಸರಿಯಾಗಿದೆ ಎಂದೇ ನಾವೆಲ್ಲ ಭಾವಿಸಿದೆವು.

ಮೂಗು ಕಳೆದುಕೊಂಡ ಗಾಡಿಯಾಳು

ದೇಹದ ಒಂದು ಕಡೆಯ ಚರ್ಮವನ್ನು ಇನ್ನೊಂದು ಕಡೆಗೆ ಸಾಗಿಸುವ ವಿದ್ಯೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮವಿದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಬಿಡಿಸಿ ಮೂಗಿಗೆ ಹೊಲಿಯಬೇಕೆಂದು ಅದು ಹೇಳುತ್ತದೆ.

ಈ ಕಥೆಯಲ್ಲಿ ನಮ್ಮ ಶ್ರೀರಂಗಪಟ್ಟಣವೂ ಬರುತ್ತದೆ. 1792ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠಿಗ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೇನೆಯನ್ನು ಸೇರಿಕೊಂಡ ಅವನಿಗೆ ವರ್ಷಕ್ಕೂ ಮಿಕ್ಕಿದ ಕಾಲದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಹಾಳೆಯಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿದ. ಆದರೆ ಎರಡು ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿದ. ಚರ್ಮವನ್ನು ತಿರುಗಿಸಿ ಮೂಗಿನ ಜಾಗದಲ್ಲಿ ಕೂರಿಸಿದ. ಈ ವೃತ್ತಾಂತ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಮೇತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ 1814ರಲ್ಲಿ ಇದೇ ಕ್ರಮದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಇದೊಂದು ಮುಖ್ಯ ಮೈಲಿಗಲ್ಲು.

ಹುಬ್ಬುಗಳ ನಡುವಿನ ಆ ಪಟ್ಟಿಯನ್ನು ಏಕೆ ಉಳಿಸಬೇಕಿತ್ತು? ಹಣೆಗೆ ಏರುವ ಸಣ್ಣ ಅಪಧಮನಿ ಅಲ್ಲಿಯೇ ಸಾಗುತ್ತದೆ. ಅದು ಕಡಿದುಹೋದರೆ ಅಷ್ಟು ದಪ್ಪನೆಯ ಚರ್ಮ ರಕ್ತವಿಲ್ಲದೆ ಕಪ್ಪಾಗಿ ಕೊಳೆಯುತ್ತದೆ. ಆ ಕುಶಲಿಗನ ಬಳಿ ಯಾವ ಯಂತ್ರವೂ ಇರಲಿಲ್ಲ. ತಲೆಮಾರುಗಳ ಅನುಭವವೇ ಅವನ ನಕ್ಷೆ.

ರಕ್ತನಾಳವನ್ನೇ ಕತ್ತರಿಸಿ ದೂರದ ಇನ್ನೊಂದು ನಾಳಕ್ಕೆ ಜೋಡಿಸುವುದು ಸಾಧ್ಯವಾದದ್ದು ತೀರ ಈಚೆಗೆ. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್ ಸೂಕ್ಷ್ಮದರ್ಶಕದ ಕೆಳಗೆ ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನು ಹೊಲಿದು ತೋರಿಸಿದ. ಇಂದು ಬಳಸುವ ನೈಲಾನ್ ದಾರ ತಲೆಗೂದಲಿನ ಅರ್ಧದಷ್ಟು ದಪ್ಪ. ಚೀನಾದ ಶೆನ್ಯಾಂಗ್ ನಗರದ ಯಾಂಗ್ ಗುವೋಫಾನ್ ಮತ್ತು ಸಂಗಡಿಗರು ಮುಂಗೈಯ ಚರ್ಮವನ್ನು ರೇಡಿಯಲ್ ಅಪಧಮನಿಯೊಂದಿಗೆ ತೆಗೆದು ಬೇರೆಡೆ ಜೋಡಿಸುವ ಕ್ರಮವನ್ನು 1981ರಲ್ಲಿ ಪ್ರಕಟಿಸಿದರು. ಶಸ್ತ್ರವೈದ್ಯರ ಬಾಯಲ್ಲಿ ಇದು ‘ಚೈನೀಸ್ ಫ್ಲಾಪ್’ ಎಂದೇ ಹೆಸರಾಗಿದೆ. ಬಾಯಿಯೊಳಗಿನ ಗಾಯ ಮುಚ್ಚಲು ಇದು ಎಷ್ಟು ಅನುಕೂಲ ಎಂಬುದನ್ನು 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಡೇವಿಡ್ ಸೌಟರ್ ಮತ್ತು ಸಂಗಡಿಗರು ತೋರಿಸಿದರು. ಮುಂಗೈಯ ಒಳಬದಿಯ ಚರ್ಮ ತೆಳು, ಮೃದು. ಹೇಗೆ ಬೇಕಾದರೂ ಮಡಿಸಬಹುದು. ಕೈಯಲ್ಲಿ ಉಂಟಾದ ಗಾಯಕ್ಕೆ ಸಾಮಾನ್ಯವಾಗಿ ತೊಡೆಯಿಂದ ತೆಗೆದ ತೆಳು ಚರ್ಮದ ಹೊದಿಕೆ ಹಾಕುತ್ತಾರೆ.

ಕಿವಿಗೆ ಕೇಳದ ಸದ್ದಿನಿಂದ ಚಿತ್ರ

ಮರುದಿನ ಮಂದ ಬೆಳಕಿನ ಕೋಣೆಯಲ್ಲಿ ಅಣ್ಣನನ್ನು ಮಲಗಿಸಿದರು. ಅಂಗೈ ಮೇಲಾಗಿ ಕೈ ಚಾಚಿಸಿ, ತಣ್ಣನೆಯ ಜೆಲ್ ಹಚ್ಚಿ, ಹಲ್ಲುಜ್ಜುವ ಬ್ರಷ್ಷಿನ ತಲೆಯಷ್ಟೇ ಅಗಲದ ಉಪಕರಣವೊಂದನ್ನು ವೈದ್ಯೆ ಅದರ ಮೇಲೆ ಮೆಲ್ಲಗೆ ಆಡಿಸತೊಡಗಿದರು. ಪರದೆಯ ಮೇಲೆ ಬೂದುಬಣ್ಣದ ಚಿತ್ರ ಮೂಡಿತು. ಅದು ಮೂಡುವುದು ಹೇಗೆ?

ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ಕ್ವಾರ್ಟ್ಸ್‌ನಂತಹ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಹಿಗ್ಗಿ ಕುಗ್ಗಿ ಕಂಪಿಸುತ್ತದೆ. ಅಂದರೆ ಒಂದೇ ಹರಳು ಬಾಯಿಯೂ ಆಗಬಲ್ಲುದು, ಕಿವಿಯೂ ಆಗಬಲ್ಲುದು. ಈಗಿನ ಯಂತ್ರಗಳಲ್ಲಿ ಕೃತಕ ಹರಳುಗಳಿರುತ್ತವೆ. ತತ್ವ ಮಾತ್ರ ಅದೇ.

ದೇಹದ ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಒಂದು ಸೆಂಟಿಮೀಟರ್ ಆಳದಲ್ಲಿರುವ ನಾಳದ ಗೋಡೆಗೆ ಬಡಿದು ಪ್ರತಿಧ್ವನಿ ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಭಾಗ ಸಾಕು. ಯಂತ್ರ ಈ ಕಾಲವನ್ನು ಅಳೆದು ಆಳವನ್ನು ಲೆಕ್ಕ ಹಾಕುತ್ತದೆ. ಬಾವಲಿ ಕತ್ತಲೆಯಲ್ಲಿ ಹಾರುವುದೂ ಇದೇ ಉಪಾಯದಿಂದ. ಜೆಲ್ ಹಚ್ಚುವುದು ಏಕೆಂದರೆ, ಚರ್ಮಕ್ಕೂ ಉಪಕರಣಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಈ ಧ್ವನಿಯೆಲ್ಲ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ.

ಎಷ್ಟು ಸಣ್ಣದನ್ನು ನೋಡಬಹುದು ಎಂಬುದು ತರಂಗದೂರವನ್ನು ಅವಲಂಬಿಸಿದೆ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆಂದು ನೀವು ಓದಿದ್ದೀರಿ. ಹೊಟ್ಟೆಯ ಸ್ಕ್ಯಾನಿಂಗಿಗೆ 3ರಿಂದ 5 ಮೆಗಾಹರ್ಟ್ಸ್ ಸಾಕು. ಮುಂಗೈಗೆ 15 ಮೆಗಾಹರ್ಟ್ಸ್ ಆಸುಪಾಸಿನದು ಬೇಕು. 1,540ನ್ನು ಒಂದೂವರೆ ಕೋಟಿಯಿಂದ ಭಾಗಿಸಿ ನೋಡಿ: ಸುಮಾರು 0.1 ಮಿಲಿಮೀಟರ್. ರೇಡಿಯಲ್ ಅಪಧಮನಿಯ ಅಗಲ 2ರಿಂದ 3 ಮಿಲಿಮೀಟರ್. ಅದರಿಂದ ಹೊರಟು ಸ್ನಾಯುಗಳ ಸಂದಿನಲ್ಲಿ ಮೇಲೇರಿ ಚರ್ಮವನ್ನು ಸೇರುವ ಕವಲುಗಳ ಅಗಲ ಅರ್ಧದಿಂದ ಒಂದು ಮಿಲಿಮೀಟರ್ ಆಸುಪಾಸು. ತೆಗೆದ ಚರ್ಮ ಬದುಕುವುದು ಈ ಪುಟ್ಟ ಕವಲುಗಳಿಂದ. ಆದ್ದರಿಂದ ಅವು ಎಲ್ಲಿ ಮೇಲೇಳುತ್ತವೆ ಎಂಬುದನ್ನು ಹುಡುಕಿ, ಚರ್ಮದ ಮೇಲೆ ಶಾಯಿಯಿಂದ ಗುರುತು ಮಾಡಬೇಕು. ಆವೃತ್ತಿ ಹೆಚ್ಚಿದಂತೆ ಚಿತ್ರ ಸೂಕ್ಷ್ಮವಾಗುತ್ತದೆ; ಆದರೆ ಧ್ವನಿ ಬೇಗ ಬಡಕಲಾಗಿ ಆಳಕ್ಕೆ ಇಳಿಯುವುದಿಲ್ಲ. ಈಗ 70 ಮೆಗಾಹರ್ಟ್ಸ್‌ವರೆಗಿನ ಯಂತ್ರಗಳೂ ಇವೆ. ಅವು ಕೂದಲಿಗಿಂತ ಸಣ್ಣದನ್ನು ತೋರಿಸಬಲ್ಲವು, ಆದರೆ ಚರ್ಮದಿಂದ ಒಂದು ಸೆಂಟಿಮೀಟರ್ ಆಳದವರೆಗೆ ಮಾತ್ರ. ವಿಜ್ಞಾನದಲ್ಲಿ ಒಂದು ಕೈಯಲ್ಲಿ ಪಡೆದದ್ದಕ್ಕೆ ಇನ್ನೊಂದು ಕೈಯಲ್ಲಿ ಬೆಲೆ ತೆರಬೇಕಾಗುತ್ತದೆ.

ಕೆರೆಯ ಹಕ್ಕಿ ಮತ್ತು ಡಾಪ್ಲರ್

ನಾಳದ ಆಕಾರ ಕಂಡರೆ ಸಾಲದು. ಅದರೊಳಗೆ ರಕ್ತ ಹರಿಯುತ್ತಿದೆಯೇ, ಯಾವ ಕಡೆಗೆ ಎಂಬುದೂ ತಿಳಿಯಬೇಕು. ಇಲ್ಲಿ ನೆರವಿಗೆ ಬರುವವನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಯೋಚಿಸುತ್ತಾ 1842ರಲ್ಲಿ ಪ್ರಾಗ್ ನಗರದಲ್ಲಿ ಅವನು ತನ್ನ ಸಿದ್ಧಾಂತವನ್ನು ಮಂಡಿಸಿದ. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲೋ ಎಂಬಾತ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ ಓಡಿಸಿ, ದಡದಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿದ.

ನಮ್ಮ ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಸಂಜೆ ಕೂತರೆ ಇದನ್ನು ಕಣ್ಣಿನಲ್ಲೇ ನೋಡಬಹುದು. ಗಾಳಿಗೆ ಸಣ್ಣ ಅಲೆಗಳು ಒಂದೇ ದಿಕ್ಕಿನಿಂದ ಬರುತ್ತಿರುವಾಗ, ಅಲೆಗಳಿಗೆ ಎದುರಾಗಿ ಈಜುವ ಹಕ್ಕಿ ಬೇಗ ಬೇಗ ಮೇಲೆ ಕೆಳಗೆ ಓಲಾಡುತ್ತದೆ. ಅಲೆಗಳ ಜೊತೆಯಲ್ಲೇ ಈಜುವ ಹಕ್ಕಿ ನಿಧಾನವಾಗಿ ಓಲಾಡುತ್ತದೆ. ಅಲೆಗಳೇನೋ ಒಂದೇ, ಎದುರಾದಾಗ ಹೆಚ್ಚು ಸಿಗುತ್ತವೆ, ಬೆನ್ನು ಹಾಕಿದಾಗ ಕಡಿಮೆ ಸಿಗುತ್ತವೆ.

ರಕ್ತದಲ್ಲಿರುವ ಕೆಂಪು ಕಣಗಳೇ ಈ ಹಕ್ಕಿಗಳು. ಉಪಕರಣದ ಕಡೆಗೆ ಹರಿದು ಬರುವ ಕಣಗಳಿಂದ ಮರಳುವ ಪ್ರತಿಧ್ವನಿಯ ಆವೃತ್ತಿ ಸ್ವಲ್ಪ ಏರುತ್ತದೆ. ದೂರ ಹೋಗುವ ಕಣಗಳದು ಇಳಿಯುತ್ತದೆ. ಉದಾಹರಣೆಗೆ 8 ಮೆಗಾಹರ್ಟ್ಸ್ ಧ್ವನಿಯನ್ನು, ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಹರಿಯುವ ರಕ್ತದ ಮೇಲೆ 60 ಡಿಗ್ರಿ ಕೋನದಲ್ಲಿ ಬಿಟ್ಟರೆ ಆಗುವ ವ್ಯತ್ಯಾಸ ಸುಮಾರು 1,560 ಹರ್ಟ್ಸ್. ವಿಶೇಷ ನೋಡಿ, ಇದು ನಮ್ಮ ಕಿವಿಗೆ ಕೇಳುವ ಶ್ರೇಣಿಯಲ್ಲಿದೆ! ಆ ವ್ಯತ್ಯಾಸವನ್ನೇ ಸ್ಪೀಕರಿಗೆ ಕೊಟ್ಟರೆ ‘ಹುಷ್... ಹುಷ್...’ ಎಂಬ ಸದ್ದು ಬರುತ್ತದೆ. ಅದು ರಕ್ತ ಹರಿಯುವ ಸದ್ದೆಂದು ಹಲವರು ತಿಳಿದಿದ್ದಾರೆ. ಅಲ್ಲ, ಹೋದ ಧ್ವನಿಗೂ ಬಂದ ಧ್ವನಿಗೂ ಇರುವ ಅಂತರದ ಸದ್ದು ಅದು. ಜಪಾನಿನ ಸತೊಮುರ ಶಿಗೆಯೊ ಮತ್ತು ಸಂಗಡಿಗರು 1950ರ ದಶಕದಲ್ಲಿ ಈ ವಿಧಾನವನ್ನು ದೇಹದ ಮೇಲೆ ಪ್ರಯೋಗಿಸಿದವರಲ್ಲಿ ಮೊದಲಿಗರು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಿಕೊಳ್ಳೋಣ. ಪರದೆಯ ಮೇಲೆ ಕಾಣುವ ಕೆಂಪು, ನೀಲಿ ಬಣ್ಣಗಳು ಅಪಧಮನಿ, ಅಭಿಧಮನಿಗಳ ಬಣ್ಣವಲ್ಲ. ಸಾಮಾನ್ಯವಾಗಿ ಉಪಕರಣದ ಕಡೆಗೆ ಬರುವ ಹರಿವಿಗೆ ಕೆಂಪು, ದೂರ ಹೋಗುವುದಕ್ಕೆ ನೀಲಿ ಎಂದು ಯಂತ್ರಕ್ಕೆ ಹೇಳಿಕೊಟ್ಟಿರುತ್ತಾರೆ. ಹರಿವಿಗೆ ನೇರ ಲಂಬವಾಗಿ ಹಿಡಿದರೆ ಹರಿಯುವ ರಕ್ತವೂ ನಿಂತಂತೆ ಕಾಣಬಹುದು. ಅದಕ್ಕೇ ವೈದ್ಯರು ಉಪಕರಣವನ್ನು ಓರೆಯಾಗಿ ಹಿಡಿಯುತ್ತಾರೆ. ಅಪಧಮನಿಯನ್ನೂ ಅಭಿಧಮನಿಯನ್ನೂ ಬೇರ್ಪಡಿಸಿ ಗುರುತಿಸುವ ಸುಲಭ ದಾರಿ ಮೆಲ್ಲಗೆ ಒತ್ತುವುದು. ಅಭಿಧಮನಿಯ ಗೋಡೆ ತೆಳು, ಒತ್ತಿದರೆ ಚಪ್ಪಟೆಯಾಗಿ ಮಾಯವಾಗುತ್ತದೆ. ಅಪಧಮನಿ ದುಂಡಗೆ ನಿಂತು ಮಿಡಿಯುತ್ತದೆ. ಕೈ ಭಾರ ಸ್ವಲ್ಪ ಹೆಚ್ಚಾದರೂ ಇರುವ ಅಭಿಧಮನಿಯೇ ಇಲ್ಲವೆಂದು ತೋರಬಹುದು. ಆದ್ದರಿಂದ ಯಂತ್ರ ಎಷ್ಟು ಒಳ್ಳೆಯದಾದರೂ ಹಿಡಿಯುವ ಕೈಯ ಅಭ್ಯಾಸವೇ ಮುಖ್ಯ.

ಹಿಂದಕ್ಕೆ ಹರಿದ ಕಾಲುವೆ

ಈಗ ಅಣ್ಣನ ಕೈಗೆ ಮರಳೋಣ. ಮೊಣಕೈಯಿಂದ ಕೆಳಗೆ ಬರುತ್ತಿದ್ದ ವೈದ್ಯೆ ಮುಂಗೈಯ ನಡುವೆ ನಿಂತರು. ಹಿಂದಕ್ಕೆ ಹೋದರು, ಮತ್ತೆ ಮುಂದೆ ಬಂದರು. “ನಿಮಗೆ ಹಿಂದೆ ಯಾವಾಗಲಾದರೂ ಈ ಕೈಯಿಂದ ಆಂಜಿಯೋಗ್ರಾಂ ಮಾಡಿದ್ದರೇ?” ಎಂದು ಕೇಳಿದರು.

ಮಾಡಿದ್ದರು. ಏಳೆಂಟು ವರ್ಷಗಳ ಹಿಂದೆ ಎದೆನೋವೆಂದು ಹೋದಾಗ ಮಣಿಕಟ್ಟಿನ ಮೂಲಕ ಸಣ್ಣ ನಳಿಕೆ ತೂರಿಸಿ ಹೃದಯದ ನಾಳಗಳನ್ನು ನೋಡಿದ್ದರು. ಏನೂ ತೊಂದರೆ ಇಲ್ಲವೆಂದು ಕಳಿಸಿದ್ದರು. ಅದನ್ನು ಅವನೂ ಮರೆತಿದ್ದ, ನಾವೂ ಮರೆತಿದ್ದೆವು. ಕಾಗದಪತ್ರ ಊರಿನ ಪೆಟ್ಟಿಗೆಯಲ್ಲಿತ್ತು.

ಆ ಪರೀಕ್ಷೆಯ ನಂತರ ಕೆಲವರಲ್ಲಿ ರೇಡಿಯಲ್ ಅಪಧಮನಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಅಲ್ನಾರ್ ಅಪಧಮನಿ ಕೈಯನ್ನು ಸಾಕುವುದರಿಂದ ನೋವಿಲ್ಲ, ತೊಂದರೆಯಿಲ್ಲ. ಬಹುಪಾಲು ಜನರಿಗೆ ಅದು ತಿಳಿಯುವುದೂ ಇಲ್ಲ. ಅಣ್ಣನ ಕೈಯಲ್ಲಿ ಆದದ್ದು ಅದೇ.

“ಹಾಗಾದರೆ ನಾಡಿ ಸಿಗುತ್ತಿದೆಯಲ್ಲ?” ಎಂದು ನಾನು ಕೇಳಿದೆ. ವೈದ್ಯೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಉಪಕರಣವನ್ನು ಒಂದೇ ಓರೆಯಲ್ಲಿ ಹಿಡಿದು ಮೊಣಕೈಯ ಬಳಿಯೂ ಮಣಿಕಟ್ಟಿನ ಬಳಿಯೂ ಇಟ್ಟು ತೋರಿಸಿದರು. ಒಂದೇ ಅಪಧಮನಿ, ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಮಣಿಕಟ್ಟಿನಲ್ಲಿ ರಕ್ತ ಬೆರಳುಗಳ ಕಡೆಗಲ್ಲ, ಅಂಗೈಯಿಂದ ಮೇಲಕ್ಕೆ, ಹಿಂದುಮುಂದಾಗಿ ಹರಿಯುತ್ತಿತ್ತು. ಅಲ್ನಾರ್ ಅಪಧಮನಿಯ ರಕ್ತವೇ ಅಂಗೈಯ ಕಮಾನನ್ನು ಸುತ್ತಿಕೊಂಡು ಬಂದು ಅಲ್ಲಿ ನಾಡಿಯಾಗಿ ಮಿಡಿಯುತ್ತಿತ್ತು. ಅವರು ಕಿರುಬೆರಳಿನ ಕಡೆ ಬೆರಳಿನಿಂದ ಒತ್ತಿದರು. ಹೆಬ್ಬೆರಳಿನ ಕಡೆಯ ನಾಡಿ ನಿಂತುಹೋಯಿತು.

ನಮ್ಮ ಬೀದಿಯ ನಲ್ಲಿಯ ಹಾಗೆಯೇ. ನಲ್ಲಿಯಲ್ಲಿ ನೀರು ಬರುತ್ತಿದೆ ಎಂದ ಮಾತ್ರಕ್ಕೆ ಅದು ಯಾವ ತುದಿಯಿಂದ ಬರುತ್ತಿದೆ ಎಂದು ಹೇಳಲಾದೀತೇ? ಆಲೆನ್ ಪರೀಕ್ಷೆಯಲ್ಲಿ ಅಂಗೈ ಬೇಗ ಕೆಂಪೇರಿದ್ದು ನಿಜವೇ, ಅಲ್ನಾರ್ ಗಟ್ಟಿಮುಟ್ಟಾಗಿತ್ತು. ಪರೀಕ್ಷೆ ತಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ರೇಡಿಯಲ್ ಹೇಗಿದೆ ಎಂದು ಅದು ಕೇಳಿರಲೇ ಇಲ್ಲ.

ತಿಳಿಯದೆ ಅದೇ ಮುಂಗೈಯ ಚರ್ಮವನ್ನು ತೆಗೆಯಲು ಹೊರಟಿದ್ದರೆ, ಕುತ್ತಿಗೆಯ ನಾಳಕ್ಕೆ ಜೋಡಿಸಬೇಕಾದ ಅಪಧಮನಿ ನಡುವೆಯೇ ಮುಚ್ಚಿಹೋಗಿದೆ ಎಂಬುದು ಗೊತ್ತಾಗುತ್ತಿದ್ದುದು ಕೈ ತೆರೆದ ಮೇಲೆ. ಆ ಹೊತ್ತಿಗೆ ಕೆನ್ನೆಯೂ ತೆರೆದಿರುತ್ತಿತ್ತು.

ಮರುದಿನ ಎಡಗೈಯ ನಕ್ಷೆಯೂ ಆಯಿತು. ಅಲ್ಲಿ ಎರಡೂ ನಾಳಗಳು ಸರಿಯಾಗಿದ್ದವು. ಆದರೆ ಅದು ಅವನು ಬರೆಯುವ, ಉಣ್ಣುವ, ದುಡಿಯುವ ಕೈ. ಅಣ್ಣ ಬಡಕಲು ಮೈಯವನು. ತೊಡೆಯ ಹೊರಮಗ್ಗುಲಿನ ಚರ್ಮದ ದಪ್ಪವನ್ನು ಅದೇ ಯಂತ್ರದಲ್ಲಿ ಅಳೆದರು. ಕೆನ್ನೆಗೆ ಹೊಂದುವಷ್ಟು ತೆಳುವಾಗಿತ್ತು. ಚರ್ಮಕ್ಕೆ ಏರಿ ಬರುವ ಎರಡು ಕವಲುಗಳನ್ನು ಹುಡುಕಿ ನೇರಳೆ ಶಾಯಿಯಲ್ಲಿ ಎರಡು ಗುಣಾಕಾರ ಚಿಹ್ನೆ ಹಾಕಿದರು. ಶಸ್ತ್ರಚಿಕಿತ್ಸೆ ನಡೆದದ್ದು ಆ ಗುರುತುಗಳ ಮೇಲೆ. ಬೆಳಿಗ್ಗೆ ಒಳಗೆ ಹೋದವನು ಹೊರಗೆ ಬಂದದ್ದು ರಾತ್ರಿ. ಮೊದಲೆರಡು ದಿನ ದಾದಿ ಗಂಟೆಗೊಮ್ಮೆ ಬಂದು ಪೆನ್ನಿನಂತಹ ಡಾಪ್ಲರ್ ಉಪಕರಣವನ್ನು ಹೊಸ ಚರ್ಮದ ನಾಳದ ಮೇಲಿಟ್ಟು ಕೇಳುತ್ತಿದ್ದಳು. ‘ಹುಷ್... ಹುಷ್...’ ಎಂದು ಕೇಳಿಸಿದರೆ ಅತ್ತಿಗೆಯೂ ನಾನೂ ಉಸಿರು ಬಿಡುತ್ತಿದ್ದೆವು. ಭೌತಶಾಸ್ತ್ರದ ಪಾಠವೊಂದನ್ನು ಅಷ್ಟು ಕಿವಿಗೊಟ್ಟು ನಾನು ಎಂದೂ ಕೇಳಿರಲಿಲ್ಲ.

ಈಗ ಅಣ್ಣ ಮೆತ್ತಗಿನ ಅನ್ನ ಉಣ್ಣುತ್ತಾನೆ. ಮಾತು ಸ್ವಲ್ಪ ತೊದಲು. ಎಡಗೈಯಲ್ಲಿ ಕಾಗದ ಬರೆಯುತ್ತಾನೆ. ನಿಗದಿಯಾದ ದಿನ ತಪಾಸಣೆಗೆ ಬಂದು ಹೋಗುತ್ತಾನೆ.

ಪಾಲಕರಿಗೆ ಎರಡು ಮಾತು

ಮುಂಗೈ ನಾಳಗಳ ಇಂತಹ ನಕ್ಷೆ ಬಾಯಿ ಕ್ಯಾನ್ಸರಿಗೆ ಮಾತ್ರವಲ್ಲ. ಅಪಘಾತದಲ್ಲಿ ಕೈಕಾಲು ಜಖಂ ಆದವರಿಗೂ, ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ ಮಾಡಿಸಬೇಕಾದ ಮೂತ್ರಪಿಂಡದ ರೋಗಿಗಳಿಗೂ ಉಪಯುಕ್ತ. ಎಕ್ಸ್‌ರೇ ಬಳಸುವ ಸಿ.ಟಿ. ಆಂಜಿಯೋಗ್ರಾಂನಲ್ಲಿ ರಕ್ತಕ್ಕೆ ಔಷಧ ಸೇರಿಸಬೇಕು, ವಿಕಿರಣವೂ ಇದೆ. ಇದರಲ್ಲಿ ಎರಡೂ ಇಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಕೇಳಲಿ ಬಿಡಲಿ, ಹಿಂದೆ ಆದ ಆಂಜಿಯೋಗ್ರಾಂ, ಕೈಮುರಿತ, ಹಾಕಿಸಿಕೊಂಡ ನಳಿಕೆ ಎಲ್ಲವನ್ನೂ ಹೇಳಿಬಿಡಿ. ಹಳೆಯ ಕಾಗದಗಳನ್ನು ಒಂದು ಫೈಲಿನಲ್ಲಿಡಿ. ಇದು ವಿದ್ಯಾವಂತರೆನಿಸಿಕೊಂಡ ನಮ್ಮ ಮನೆಯಲ್ಲೇ ಆಗಿರಲಿಲ್ಲ.

ಸ್ಕ್ಯಾನಿಂಗ್ ಕೋಣೆಗಳ ಹೊರಗೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕವನ್ನು ಮಕ್ಕಳು ನೋಡಿರುತ್ತೀರಿ. 1994ರ ಕಾಯಿದೆಯ ಪ್ರಕಾರ ಅದು ಅಪರಾಧ. ಕೈಯ ನಾಳ ಹುಡುಕಿ ಜೀವ ಉಳಿಸುವ ಧ್ವನಿಯನ್ನೇ ಹೆಣ್ಣು ಕೂಸನ್ನು ಹುಡುಕಿ ಕೊಲ್ಲಲೂ ಬಳಸಿದವರು ನಮ್ಮ ನಡುವೆಯೇ ಇದ್ದರು ಎಂಬುದನ್ನು ಆ ಫಲಕ ನೆನಪಿಸುತ್ತದೆ.

ಕೊನೆಯದಾಗಿ, ಈ ಎಲ್ಲ ನಕ್ಷೆಯ ಅಗತ್ಯವೇ ಬಾರದಂತೆ ಮಾಡುವ ದಾರಿಯೂ ಇದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳ ಮೊದಲ ಸಾಲಿನಲ್ಲಿಯೇ ಬಾಯಿಯ ಕ್ಯಾನ್ಸರ್ ಇದೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ನಾಡಿನ ಎಲ್ಲ ಮೂಲೆಗಳಿಂದ ಬರುವವರಲ್ಲಿ ಈ ರೋಗದವರೂ ಇದ್ದಾರೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ತಂಬಾಕಿಲ್ಲದ ಎಲೆಅಡಿಕೆಯೂ, ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರದಿ ಮಾಡಿದೆ. ಅಡಿಕೆ ತೋಟದ ಅನ್ನ ಉಂಡು ಬೆಳೆದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯಬೇಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರಲ್ಲಿಗೆ ಹೋಗಿ. ಅಣ್ಣ ಮೂರು ತಿಂಗಳು ಕಾದ.

ಮಾಡಿ ನೋಡಿ

ಎಡಗೈಯ ಹೆಬ್ಬೆರಳಿನ ಕಡೆ, ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳುಗಳನ್ನಿಟ್ಟು ನಾಡಿ ಹುಡುಕಿ. ಸಿಕ್ಕಿತೇ? ಈಗ ಕಿರುಬೆರಳಿನ ಕಡೆಯ ನಾಡಿಯನ್ನು ಹುಡುಕಿ. ಇದು ಆಳದಲ್ಲಿರುವುದರಿಂದ ಕಷ್ಟ, ಎಲ್ಲರಿಗೂ ಸಿಗದು. ಆಮೇಲೆ ಗೆಳೆಯನೊಬ್ಬನ ನೆರವು ಪಡೆದು, ಹಿರಿಯರ ಎದುರಿನಲ್ಲಿ, ಮೇಲೆ ಹೇಳಿದ ಆಲೆನ್ ಪರೀಕ್ಷೆಯನ್ನು ಮಾಡಿ. ಕೆಲವು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಅಂಗೈ ಕೆಂಪಾಗಲು ಎಷ್ಟು ಹೊತ್ತು ಬೇಕಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಇನ್ನೊಮ್ಮೆ ಹೆಬ್ಬೆರಳಿನ ಕಡೆಯ ಒತ್ತಡವನ್ನು ಮೊದಲು ಬಿಟ್ಟು ನೋಡಿ. ಎರಡು ಅಂಕಿಗಳೂ ಒಂದೇ ಆಗಿವೆಯೇ? ನಿಧಾನವಾದರೆ ಗಾಬರಿ ಬೇಡ. ಇದು ರೋಗ ಪತ್ತೆಯಲ್ಲ, ನಿಮ್ಮ ಕೈಯ ಪರಿಚಯ ಮಾತ್ರ.

ಒಂದು ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಪಟ್ಟಿ ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.